ಕಾರ್ತೀಕ ಮುಗಿಯೋದ್ರೊಳಗೆ ಒಂದು ಮೊಟ್ಟೆ

ಹಿತ್ತಲಲ್ಲಿ ಕೋಳಿ ಸಾಕಿಕೊಂಡು ಮರ್ಯಾದೆಯಿಂದ ಒಂದು ವಾರ ಕಳೆಯುವುದು ಕಷ್ಟ. ಅದರಲ್ಲೂ ಮಧುಗಿರಿಯಲ್ಲಿ ಚಳಿ ಶುರುವಾದರೆ ನಮ್ಮ ಮನೆಯಲ್ಲಿ ಏನಾದರೊಂದು ಅವಾಂತರ ಆಗಲೇಬೇಕು.

೧. ಜಾಮೀನು

ದೀಪಾವಳಿ ಕಳೆದದ್ದೇ ತಡ, ನಮ್ಮ ಕೆಂಪು ಕೋಳಿ ಮೊಟ್ಟೆ ಇಡುವುದನ್ನೇ ಬಿಟ್ಟಿತು. ಕಾರ್ತೀಕದಲ್ಲಿ ನಾವು ಮೊಟ್ಟೆ, ಮಾಂಸ ಮುಟ್ಟುವುದಿಲ್ಲ. ಅತ್ತೆ ತೀರ್ಪು ಕೊಟ್ಟರು: "ಕಾರ್ತೀಕ ಮುಗಿಯೋಗಂಟ ನೋಡ್ತೀನಿ ಕಣಮ್ಮ. ಅಷ್ಟ್ರಲ್ಲಿ ಮೊಟ್ಟೆ ಇಕ್ಲಿಲ್ಲ ಅಂದ್ರೆ ಸಾರೇ!"

ನಾನು ಹೊಲಿಗೆ ಮಿಷನ್ ತುಳಿಯುವಾಗ ಕಾಲ ಬಳಿ ಬಂದು ಕೂರುವ ಕೋಳಿ ಅದು. ನನಗೆ ಊಟ ಸೇರಲಿಲ್ಲ. ಅದು ಮಾತ್ರ ಚೆನ್ನಾಗಿ ತಿಂದು, ಸಾರಿಗೆ ಬೇಕಾದಷ್ಟು ದಪ್ಪಗಾಯಿತು.

೨. ಅಂಗಿ

ಚಳಿಯಿಂದಲೇ ಹೀಗಾಗಿದೆ ಅನ್ನಿಸಿ, ಗಿರಾಕಿಯೊಬ್ಬರ ರವಿಕೆ ಹೊಲಿದು ಉಳಿದ ಬಟ್ಟೆಯಿಂದ ಕೋಳಿಗೊಂದು ಅಂಗಿ ಹೊಲಿದು ತೊಡಿಸಿದೆ. ರವಿಕೆ ಒಯ್ಯಲು ಬಂದ ಗಿರಾಕಿ ಕೋಳಿಯನ್ನೊಮ್ಮೆ, ರವಿಕೆಯನ್ನೊಮ್ಮೆ ನೋಡಿದರು.

"ಬಟ್ಟೆ ಸಾಲ್ದು ಅಂತ ನಂಗೆ ಗಿಡ್ಡ ತೋಳು. ಕೋಳಿಗೆ ತುಂಬು ತೋಳು ಇಕ್ಕಿದ್ದೀಯಲ್ಲಮ್ಮ!"

೩. ಬಲ್ಬು

ನಮ್ಮ ಯಜಮಾನರು ಶಿರಾ-ಪಾವಗಡ ಬಸ್ಸಿನ ಕಂಡಕ್ಟರು. ಯಾರೋ ಪ್ರಯಾಣಿಕರು ಹೇಳಿದರೆಂದು ಗೂಡಿಗೆ ಬಲ್ಬು ಕಟ್ಟಿದರು. "ಬೆಚ್ಚಗಾದ್ರೆ ಮೊಟ್ಟೆ ಇಕ್ತದೆ ನೋಡ್ತಿರು."

ಕೋಳಿ ಮೊಟ್ಟೆ ಇಡಲಿಲ್ಲ, ಅದೇ ಗೂಡಿನ ಹುಂಜ ಬಲ್ಬಿನ ಬೆಳಕಿಗೆ ಸಂಜೆಯೇ ಕೂಗಿತು. ಒರಗಿಕೊಂಡೇ ನಿದ್ದೆ ಹೋಗಿದ್ದ ಪಕ್ಕದ ಮನೆ ತಾತ ಬೆಳಗಾಯಿತೆಂದು ಎದ್ದು, ಹಲ್ಲುಜ್ಜಿ, ಕಾಫಿ ಕೇಳಿದರು. ಅವರ ಸೊಸೆ ರಾತ್ರಿಯೂಟದ ಮುದ್ದೆ ತಂದಿಟ್ಟಳು.

೪. ಮೂರು ಮೊಟ್ಟೆ

ಕಾರ್ತೀಕದ ಕೊನೆಯ ದಿನ ನಾನು ಕೊರಟಗೆರೆಯ ಅಕ್ಕನ ಮನೆಯಿಂದ ಒಂದು ನಾಟಿ ಮೊಟ್ಟೆ ತಂದು, ಯಾರಿಗೂ ಹೇಳದೆ ಗೂಡಿನಲ್ಲಿಟ್ಟೆ. ಕೆಲಸದಿಂದ ಬಂದ ಯಜಮಾನರು, "ಬಲ್ಬು ನೋಡ್ಕಂಡು ಬತ್ತೀನಿ" ಎಂದು ಹಿತ್ತಲಿಗೆ ಹೋಗಿಬಂದರು.

ಕಾರ್ತೀಕ ಕಳೆದ ಮಾರನೆಯ ಬೆಳಿಗ್ಗೆ ನೋಡಿದರೆ ಗೂಡಿನಲ್ಲಿ ಮೂರು ಮೊಟ್ಟೆ! ನಾನು ಬೆಪ್ಪಾಗಿ ಅತ್ತೆಯ ಮುಖ ನೋಡಿದೆ. ಅವರ ಸೆರಗಿಗೆ ಗೂಡಿನ ಹುಲ್ಲು ಅಂಟಿಕೊಂಡಿತ್ತು.

"ಒಂದೇ ದಿನಕ್ಕೆ ಮೂರು ಇಕ್ಕೈತೆ, ಬಂಗಾರದಂತಾ ಕೋಳಿ" ಎನ್ನುತ್ತಾ ಅತ್ತೆ ಆಮ್ಲೆಟ್ ಮಾಡಲು ಕೂತರು. ಎರಡು ಮೊಟ್ಟೆ ಸಲೀಸಾಗಿ ಒಡೆದವು. ಮೂರನೆಯದನ್ನು ಎಷ್ಟು ಕುಟ್ಟಿದರೂ ಏನೂ ಸುರಿಯಲಿಲ್ಲ. ಸಿಪ್ಪೆ ಸುಲಿದರೆ, ಬೆಂದ ಮೊಟ್ಟೆ! ಶಿರಾ ಬಸ್ ಸ್ಟ್ಯಾಂಡಿನಲ್ಲಿ ತಳ್ಳುಗಾಡಿಯವರು ಮಾರುವಂಥದ್ದು.

ಇಬ್ಬರೂ ಯಜಮಾನರ ಕಡೆ ತಿರುಗಿದೆವು. ಅವರು ತಲೆ ಕೆರೆದುಕೊಂಡರು. "ಬಲ್ಬಿನ ಕಾವು ಒಸಿ ಜಾಸ್ತಿ ಆಗ್ಬುಟ್ಟೈತೆ ಕಣವ್ವ."

ಅತ್ತೆ ಮೊಟ್ಟೆಗೆ ಉಪ್ಪು ಸವರಿದರು. "ಓಗ್ಲಿ ಬುಡ್ಲಾ. ಬೇಯ್ಸಿ ಇಕ್ಕೋ ಕೋಳೀನ ಯಾರಾದ್ರೂ ಕುಯ್ತಾರಾ?"