ಈಶ್ವರಪ್ಪನ ಬಲಗೈ

ಹೆದರುವ ವಿಷಯದಲ್ಲಿ ನಾನು ಬಹಳ ಧಾರಾಳಿ. ಬೇರೆಯವರು ಹಾವಿಗೆ ಹೆದರುತ್ತಾರೆ, ಕಳ್ಳರಿಗೆ ಹೆದರುತ್ತಾರೆ. ನಾನು ಗೂಟಕ್ಕೆ ತೂಗುಹಾಕಿದ ನನ್ನದೇ ಅಂಗಿ ಗಾಳಿಗೆ ತೋಳೆತ್ತಿದ್ದನ್ನು ಕಂಡು ಕಿರುಚಿಕೊಂಡವನು. ಆದರೆ ಇದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವಂತಿರಲಿಲ್ಲ. ಮುಂಬೈಗೆ ಹೋಗಿ ವಿಜ್ಞಾನ ಓದಿ ಬಂದವನೆಂದು ಬಾಗಲಕೋಟೆಯಲ್ಲಿ ನನಗೊಂದು ಹೆಸರಿತ್ತು. ಯಾರಾದರೂ ದೆವ್ವದ ಮಾತೆತ್ತಿದರೆ ನಾನು ಮೂಗು ಮುರಿದು, ಅದೆಲ್ಲ ಮಿದುಳಿನ ಆಟ ಎಂದು ಹೇಳಿ, ಆಮೇಲೆ ಮನೆಗೆ ಹೋಗುವಾಗ ಯಾರದಾದರೂ ಜೊತೆ ಹುಡುಕುತ್ತಿದ್ದೆ.

ಆಗ ನಮ್ಮ ಕಡೆ ಇನ್ನೂ ಮುಂಬೈ ಸರ್ಕಾರ. ನಾನು ಕಲಿತದ್ದು ಆಗಷ್ಟೇ ಕಣ್ಣುಬಿಟ್ಟ ವಿದ್ಯೆ. ಆಕ್ಯುಪೇಶನಲ್ ಥೆರಪಿ ಎಂಬ ಅದರ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಕೈಕಾಲು ಕಳೆದುಕೊಂಡವರಿಗೆ ಉಣ್ಣುವುದು, ಉಡುವುದು, ದುಡಿಯುವುದನ್ನು ಹೊಸದಾಗಿ ರೂಢಿ ಮಾಡಿಸುವುದು, ಅವರು ದವಾಖಾನೆ ಬಿಟ್ಟ ಮೇಲೆ ಊರಿಗೆ ಹೋಗಿ ನೋಡಿ, ಕಸುಬಿಗೆ ಹಚ್ಚಿ ಬರುವುದು, ಇಷ್ಟು ನನ್ನ ಕೆಲಸ. ರೋಗಿಗಳು 'ಕೈ ಮಾಸ್ತರ' ಎಂದು ಕರೆಯುತ್ತಿದ್ದರು. ನಮ್ಮ ಕಂಪೌಂಡರ ಮಾತ್ರ, "ಸತ್ತವರ ಬೆನ್ನ ಹತ್ತೂದು ಯಮ, ಉಳದವರ ಬೆನ್ನ ಹತ್ತೂದು ಇಂವ" ಎಂದು ಹೇಳಿ ನಗಿಸುತ್ತಿದ್ದ. ಅವ್ವನದು ಇನ್ನೊಂದು ಬಗೆ. ಹೆಣ್ಣಿನ ಕಡೆಯವರು ಬಂದು ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ, "ಡಾಕ್ಟರ ಕೈಬಿಟ್ಟವರನ್ನ ನಮ್ಮಾಂವ ನೋಡ್ಕೋತಾನ್ರಿ" ಎಂದು ಹೆಮ್ಮೆಯಿಂದ ಹೇಳಿದಳು. ಅವರು ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮಸಣದಲ್ಲಿ ನೌಕರಿ ಎಂದು ತಿಳಿದರೋ ಏನೋ.

ಈಶ್ವರಪ್ಪ ನನ್ನ ಕೈಗೆ ಬಂದದ್ದು ಆ ವರ್ಷವೇ. ಇಳಕಲ್ಲಿನ ನೇಕಾರ, ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ. ಬಸ್ಸಿನ ಕಿಟಕಿಯಿಂದ ಕೈ ಹೊರಗಿಟ್ಟು ಕೂತಿದ್ದಾಗ, ಕುಳಗೇರಿ ಕ್ರಾಸಿನ ಹತ್ತಿರ ಎದುರಿಗೆ ಬಂದ ಲಾರಿ ಉಜ್ಜಿಕೊಂಡು ಹೋಯಿತು. ಮೊಳಕೈಯಿಂದ ಕೆಳಗೆ ಬಲಗೈ ಉಳಿಯಲಿಲ್ಲ. ಗಾಯವೇನೋ ಚೆನ್ನಾಗಿ ಮಾಯಿತು. ತೊಡಕು ಬಂದದ್ದು ಊಟದಲ್ಲಿ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ, ಬಲಗೈ ಹೋದವನಿಗೆ ಎಡಗೈ ರೂಢಿ ಮಾಡಿಸಬೇಕು ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದರು. ಬರೆದ ಪುಣ್ಯಾತ್ಮನಿಗೆ ನಮ್ಮ ಎಡಗೈಯ ಪಾಡು ಗೊತ್ತಿರಲಿಲ್ಲ. ನಾನು ಈಶ್ವರಪ್ಪನ ಎಡಗೈಗೆ ರೊಟ್ಟಿ ಕೊಟ್ಟರೆ ಅವನು ಬಾಯಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದ. "ತೊಳಕೊಳ್ಳೂ ಕೈಲೆ ಅನ್ನಾ ಮುಟ್ಟಂತೀರಲ್ರಿ ಮಾಸ್ತರ" ಎಂದು ಒಮ್ಮೆ ಅಂದದ್ದು ಬಿಟ್ಟರೆ ವಾದವನ್ನೂ ಮಾಡಲಿಲ್ಲ. ಹೆಂಡತಿ ಗಂಗವ್ವ ಪಕ್ಕದಲ್ಲಿ ಕೂತು ತುತ್ತು ಮಾಡಿ ಉಣಿಸುತ್ತಿದ್ದಳು. ಹಾಗೆಯೇ ಊರಿಗೆ ಕರೆದುಕೊಂಡು ಹೋದಳು.

ಕೆಲವು ವಾರ ಬಿಟ್ಟು ನಾನು ಇಳಕಲ್ಲಿಗೆ ಹೋದೆ. ಮಟಮಟ ಮಧ್ಯಾಹ್ನ. ಓಣಿಯ ತುಂಬ ಮಗ್ಗಗಳ ಸದ್ದು, ಅವರ ಮನೆ ಮಾತ್ರ ಗಪ್‌ಚಿಪ್. ಗಂಗವ್ವ ಬಾಗಿಲಲ್ಲೇ ನಿಂತು, "ಅವರು ನೇಯ್ಲಾಕ ಕುಂತಾರ್ರಿ" ಎಂದಳು. ನನಗೆ ಸಂತೋಷವಾಯಿತು. ಒಳಗೆ ಹೋಗಿ ನೋಡಿದೆ. ಈಶ್ವರಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ, ಕಣ್ಣು ಮುಚ್ಚಿ ಕೂತಿದ್ದ. ಎಡಗೈ ತೊಡೆಯ ಮೇಲಿತ್ತು. ಮೋಟು ತೋಳು ಮಾತ್ರ ಒಂದೇ ಲಯದಲ್ಲಿ ಹಿಂದೆ ಮುಂದೆ ಆಡುತ್ತಿತ್ತು, ಕಾಲುಗಳು ಅದಕ್ಕೆ ಸರಿಯಾಗಿ ಹಲಗೆ ತುಳಿಯುತ್ತಿದ್ದವು. ಮಗ್ಗದ ಮೇಲೆ ಒಂದು ಎಳೆಯೂ ಇರಲಿಲ್ಲ.

ಗಂಗವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಮುಂಜಾನಿಂದ ಹಿಂಗ ನೋಡ್ರಿ. ಕರದ್ರ ಓ ಅನ್ನೂದಿಲ್ಲ. ಬಲಗೈ ನೇಯಾಕತ್ತೈತಿ, ನಡಕ ಮಾತಾಡಿಸಬ್ಯಾಡ ಅಂತಾರ. ನಿನ್ನಿ ಒಡಲ ಮುಗೀತು, ಇನ್ನ ಸೆರಗ ಅಂದ್ರು. ಸೆರಗೂ ಮುಗದ್ರ ಸೀರಿ ಮಗ್ಗದಿಂದ ಇಳೀತೈತ್ರಿ. ಅದರ ಬೆನ್ನಿಗೆ ಇವರೂ ಹೋಗಿಬಿಟ್ರ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅವರನ್ನ ಈ ಕಡಿ ಎಳದ ಕೊಡ್ರಿ ಮಾಸ್ತರ. ಕೈ ಹೋಗ್ಲಿ, ನನಗ ಮನಷ್ಯಾ ಬೇಕು."

ಹೋದ ಅಂಗ ಇದ್ದಂತೆಯೇ ಅನಿಸುವುದು ಉಂಟೆಂದು ನಾನು ಮುಂಬೈಯಲ್ಲಿ ಕಲಿತಿದ್ದೆ. ಅದು ಬರೀ ಅನಿಸುತ್ತದೆ ಎಂದಿದ್ದರು, ಸೀರೆ ನೇಯುತ್ತದೆ ಎಂದಿರಲಿಲ್ಲ. ಹಿತ್ತಲ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ. ಆದರೂ ಗಂಗವ್ವನ ಮುಖ ನೋಡಿ ಓಡಿಹೋಗಲು ಮನಸ್ಸಾಗಲಿಲ್ಲ. ಸೆರಗು ನೇಯುವವನಿಗೆ ಸೆರಗಿನ ಕೆಲಸವನ್ನೇ ಕೊಡಬೇಕು ಎಂದುಕೊಂಡೆ. ಇಳಕಲ್ಲಿನ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಎದುರಿಗೆ ಇನ್ನೊಬ್ಬರು ಕೂತು ಹಿಡಿದರೆ ಆಗುವ ಕೆಲಸ. ಇಲ್ಲದ ಕೈಯಿಂದ ಇದು ಆಗದು ಎಂದು ಅವನಿಗೇ ತಿಳಿಯಲಿ, ಆಗ ಎಡಗೈ ತಾನಾಗಿ ಮುಂದೆ ಬರುತ್ತದೆ, ಇದು ನನ್ನ ಲೆಕ್ಕಾಚಾರ. ಗಂಗವ್ವ ಕೆಂಪು ರೇಷ್ಮೆಯ ಒಂದು ಹಿಡಿ ಎಳೆ ತಂದಳು. ನಾನು ಎದುರಿಗೆ ಕೂತು, "ಈಶ್ವರಪ್ಪ, ಕೊಂಡಿ ಹಾಕೂಣ್ರಿ, ನಾ ಈ ತುದಿ ಹಿಡೀತೇನಿ" ಎಂದೆ.

ಅವನು ಕಣ್ಣು ತೆರೆದ. "ಹಿಡೀರಿ. ನಾ ಹಿಡದೇನಿ" ಎಂದು ಮೋಟು ತೋಳನ್ನು ಮುಂದೆ ಚಾಚಿದ.

ಬಿಗಿಯಾಗಿರಲಿ ಎಂದು ನಾನು ಎಳೆಗಳನ್ನು ತೋರುಬೆರಳಿಗೆ ಸುತ್ತಿಕೊಂಡಿದ್ದೆ. ಮಗ್ಗದ ಮುಂದೆ ಕೂತು ಗೊತ್ತಿದ್ದವರು ಯಾರೂ ಹಾಗೆ ಮಾಡುವುದಿಲ್ಲವಂತೆ. ಇನ್ನೊಂದು ತುದಿ ಅವನ ಮುಂದೆ ಬಿದ್ದಿತ್ತು. ನಡುವೆ ಜೋಲುಬಿದ್ದಿದ್ದ ರೇಷ್ಮೆ ಮೆಲ್ಲಗೆ ಮೇಲೆದ್ದಿತು, ನೆಟ್ಟಗಾಯಿತು. ಅದರ ಆ ತುದಿ ಅವನ ತೋಳಿನಿಂದ ಗೇಣು ಮುಂದೆ, ಬೆರಳುಗಳಿರಬೇಕಾದ ಜಾಗದಲ್ಲಿ, ಬರಿಯ ಗಾಳಿಯಲ್ಲಿ ನಿಂತಿತ್ತು. ನಾನು ಕಣ್ಣುಜ್ಜಿಕೊಳ್ಳಲು ಕೈ ಎತ್ತಲು ನೋಡಿದೆ. ಕೈ ಬರಲಿಲ್ಲ. ಯಾರೋ ಎಳೆಯುತ್ತಿದ್ದರು.

"ಬಿಡ್ರಿ ಈಶ್ವರಪ್ಪ" ಎಂದೆ.

"ನಾ ಎಲ್ಲಿ ಹಿಡದೇನ್ರಿ?" ಅವನ ಮುಖದಲ್ಲೂ ಬೆವರು. "ಅದು ನನ್ನ ಮಾತ ಕೇಳೂದಿಲ್ಲ ಮಾಸ್ತರ. ಬಸ್ಸಿನ್ಯಾಗ ಮುಷ್ಟಿ ಹಿಡದದ್ದು ಇನ್ನೂ ಬಿಟ್ಟಿಲ್ಲ."

ರೇಷ್ಮೆ ಬೆರಳಿಗೆ ಕೊರೆದು ರಕ್ತ ಕಂಡಿತು. ನಾನು ವಿಜ್ಞಾನ, ಮರ್ಯಾದೆ ಎಲ್ಲವನ್ನೂ ಬಿಟ್ಟು, "ಯವ್ವಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಆಗ ಈಶ್ವರಪ್ಪನ ಎಡಗೈ ತೊಡೆಯಿಂದ ಎದ್ದಿತು. ಅವನು ಮುಂದೆ ಬಾಗಿ ಆ ಗಾಳಿಯಲ್ಲಿನ ತುದಿಗೇ ಕೈಹಾಕಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವ ಹಾಗೆ ಬಿಡಿಸಿದ. ಎಳೆ ಸಡಿಲಾಗಿ ಬಿತ್ತು. ಅವನು ಅದನ್ನು ಬಿಡದೆ, ಅದೇ ಎಡಗೈಯಿಂದ ನನ್ನ ಬೆರಳಿಗೆ ಸುತ್ತಿದ್ದ ರೇಷ್ಮೆಯನ್ನೂ ಬಿಚ್ಚಿದ. "ರಕ್ತಾ ಬಂತಲ್ರಿ" ಎಂದು ನನ್ನ ಬೆರಳನ್ನು ಒತ್ತಿ ಹಿಡಿದುಕೊಂಡು ಕೂತ. ಮಗ್ಗದ ಪಕ್ಕದಲ್ಲಿ ನಿಂತಿದ್ದ ಗಂಗವ್ವ ಗೊಳೋ ಎಂದು ಅತ್ತಳು. ನನಗೂ ಅಳು ಬಂತು, ಆದರೆ ನನ್ನದರಲ್ಲಿ ಹೆದರಿಕೆಯ ಪಾಲೇ ಹೆಚ್ಚು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಹರವಿಕೊಂಡು ಕೂತೆ. ಎಳೆ ಮಗ್ಗದ ಮೊಳೆಗೆ ಸಿಕ್ಕಿತ್ತು ಎನ್ನೋಣವೆಂದರೆ ಅಲ್ಲಿ ಮೊಳೆ ಇರಲಿಲ್ಲ. ನನ್ನದೇ ಕೈ ನಡುಗಿ ಎಳೆಯಿತು ಎಂದರೆ ಆ ತುದಿ ನಿಲ್ಲಬಾರದಿತ್ತು. ಹುನಗುಂದ ಬರುವಷ್ಟರಲ್ಲಿ ವಿಜ್ಞಾನ ಮುಗಿಯಿತು. ಕಿಟಕಿಯ ಹತ್ತಿರ ಜಾಗವಿದ್ದರೂ ನಡುವೆ ಎದ್ದುಹೋಗಿ ಇಬ್ಬರ ಮಧ್ಯೆ ತುರುಕಿಕೊಂಡು ಕೂತೆ. ಮುಂದೆ ದೊಡ್ಡ ಡಾಕ್ಟರು ಏನು ಚಿಕಿತ್ಸೆ ಮಾಡಿದಿರಿ ಎಂದು ಮೆಚ್ಚಿ ಕೇಳಿದಾಗ, "ಎಳೆ ಹಿಡಿಸಿದೆ" ಎಂದಷ್ಟೇ ಹೇಳಿದೆ.

ಮುಂದಿನ ಸಲ ಹೋದಾಗ ಮಗ್ಗದ ಮೇಲೆ ನಿಜವಾದ ಹಾಸು ಇತ್ತು. ಒಂದು ಕಡೆ ಗಂಗವ್ವ, ಒಂದು ಕಡೆ ಈಶ್ವರಪ್ಪನ ಎಡಗೈ, ಇಬ್ಬರೂ ಕೂಡಿ ಕೊಂಡಿ ಹಾಕುತ್ತಿದ್ದರು. ಕೊಂಡಿಗಳು ಸೊಟ್ಟಗಿದ್ದವು, ಅವನು ಬೈದುಕೊಳ್ಳುತ್ತಿದ್ದ. ಅವನ ಬೈಗುಳ ಕೇಳಿ ಆದಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ. ಊಟಕ್ಕೆ ಏಳಿಸಿದರು. ಗಂಗವ್ವ ನನಗೊಂದು ತಾಟು ಇಟ್ಟಳು, ಗಂಡನಿಗೊಂದು ಇಟ್ಟಳು, ನಮ್ಮಿಬ್ಬರ ನಡುವೆ, ಅವನ ಬಲಕ್ಕೆ, ಸಣ್ಣದೊಂದು ತಾಟು ಇಟ್ಟು ಅದಕ್ಕೂ ರೊಟ್ಟಿಯ ಚೂರು, ಪಲ್ಯ ಬಡಿಸಿದಳು.

"ಅದು ಹಿರೀ ಕೈ ಅಲ್ಲೇನ್ರಿ" ಎಂದ ಈಶ್ವರಪ್ಪ, ನಾನು ಕೇಳದಿದ್ದರೂ. "ಇಷ್ಟ ವರ್ಷ ನನಗ ಉಣಿಸಿದ್ದು ಅದ. ಮೊದಲ ಅದಕ್ಕ ಎಡಿ ಹಿಡದು, ಅಪ್ಪಣಿ ಕೇಳಿ, ಆಮ್ಯಾಲ ಇದಕ್ಕ ಉಣ್ಣಾಕ ಹೇಳ್ತೇನ್ರಿ. ಈಗ ಎರಡಕ್ಕೂ ಜಗಳಿಲ್ಲ." ಹೀಗೆಂದು ಒಂದು ಕ್ಷಣ ತಲೆಬಾಗಿ ಕೂತ. ಆಮೇಲೆ ಎಡಗೈಯಿಂದ ರೊಟ್ಟಿ ಮುರಿದು, ಅದ್ದಿಕೊಂಡು, ತಾನೇ ಬಾಯಿಗೆ ಇಟ್ಟುಕೊಂಡ. ಗಂಗವ್ವ ಬೇರೆ ಕಡೆ ನೋಡುತ್ತ ಕಣ್ಣೊರೆಸಿಕೊಂಡಳು.

ನಾನೂ ರೊಟ್ಟಿಗೆ ಕೈಹಾಕಿದೆ. ಮುಂದೆ ಬಾಗುವಾಗ ಎಡ ಮೊಳಕಾಲು ನಡುವಿನ ಆ ಸಣ್ಣ ತಾಟಿಗೆ ತಾಗಿ ಅದು ಠಣ್ ಎಂದಿತು. "ತಪ್ಪಾತ್ರಿ" ಎಂದೆ, ಈಶ್ವರಪ್ಪನಿಗೆ ಅಲ್ಲ, ಗಂಗವ್ವನಿಗೂ ಅಲ್ಲ, ಅವರಿಬ್ಬರಿಗೂ ಈಚೆಗಿದ್ದ ಖಾಲಿ ಜಾಗಕ್ಕೆ. ಅಷ್ಟಕ್ಕೇ ನಿಲ್ಲದೆ, ಅದಕ್ಕೆ ಇಕ್ಕಟ್ಟಾಗದಿರಲಿ ಎಂದು ನನ್ನ ತಾಟು ಎತ್ತಿಕೊಂಡು ಒಂದಿಷ್ಟು ಆಚೆ ಸರಿದು ಕೂತೆ.