ಹುಣಸೆಹಣ್ಣಿನಲ್ಲಿ ಬೆಳಗಿದ ನಲವತ್ತು ತೋಟಾ

೧೯೮೭ರಲ್ಲಿ, ಏಳನೇ ಇಯತ್ತೆ ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಗದಗಿನಲ್ಲಿ ಸೋದರಮಾವನ ಪಾತ್ರೆ ಕಾರ್ಖಾನೆಯಲ್ಲಿ ತಿದಿ ಒತ್ತಿದೆ, ಕೊಡ ಬಡಿದೆ, ತಂಬಿಗೆ ಬೆಳಗಿದೆ. ಈಗ ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಸರಕು ಏರಿಸುತ್ತೇನೆ. ಆದರೂ ಹಿತ್ತಾಳೆಯ ವಿಷಯದಲ್ಲಿ ನನಗೆ ಪಾಠ ಹೇಳುವವನು ಈ ದಕ್ಷಿಣ ಗೋಳಾರ್ಧದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಹಾಗಾಗಿ ರೋಶನ್ ಡಬ್ಬಿ ಹಿಡಿದು ಬಂದಾಗ ನಾನು ಹಿಂದೆಮುಂದೆ ನೋಡಲಿಲ್ಲ.

ರೋಶನ್ ಮಂಗಳೂರಿನವನು. ಇಲ್ಲಿಗೆ ಓದಲು ಬಂದು, ಎಂಜಿನಿಯರ್ ಆಗಿ, ಪಾಪಟೋಟೊಯಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ನೆಲೆಸಿದವನು. ಜಿಂಕೆ ಬೇಟೆಯ ಹುಚ್ಚು. ತನ್ನ ಅಳತೆಗೆ ತಕ್ಕಂತೆ ಬಂದೂಕು ಮಾಡಿಸಿಕೊಂಡಿದ್ದ. ಅದಕ್ಕೆ ಹೊಂದುವ ತೋಟಾ ಅಂಗಡಿಯಲ್ಲಿ ಸಿಗದು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸನ್ನೇ ತೊಳೆದು, ತಿದ್ದಿ, ಮತ್ತೆ ಮದ್ದು ತುಂಬಬೇಕು. ಡಬ್ಬಿಯಲ್ಲಿ ಅಂಥ ನಲವತ್ತು ಕೇಸುಗಳಿದ್ದವು.

“ಬರೀ ತೊಳೆದು ಕೊಡಿ ಅಂಕಲ್, ಸಾಕು. ಕಾಯಿಸಿ ಮೆತ್ತಗೆ ಮಾಡ್ಲಿಕ್ಕೆ ಬಾಟನಿ ಡೌನ್ಸಿನಲ್ಲಿ ಒಬ್ರ ಹತ್ರ ಮೆಷಿನ್ ಉಂಟು. ಎಲ್ಲ ಈ ಕಾಗದದಲ್ಲಿ ಉಂಟು, ಒಮ್ಮೆ ಓದಿ ಮಾರಾಯ್ರೆ.”

ಹಿತ್ತಾಳೆ ಕಾಯಿಸಲು ಮೆಷಿನ್ನೇ! ನನ್ನ ಕೈಗಳಿಗೆ ಅವಮಾನವಾಯಿತು. ಕಾಗದವನ್ನು ನಾಲ್ಕಾಗಿ ಮಡಚಿ ಗ್ಯಾರೇಜಿನ ಕುಂಟು ಮೇಜಿನ ಕಾಲಡಿ ಇಟ್ಟೆ. ಮೇಜು ನೆಟ್ಟಗೆ ನಿಂತಿತು. ಓದಿದ್ದರೆ ಇಷ್ಟು ಉಪಯೋಗವಾಗುತ್ತಿತ್ತೇ?

ಬರ್ನರ್ ಹಚ್ಚಿ, ಒಂದೊಂದೇ ಕೇಸನ್ನು ಇಕ್ಕಳದಲ್ಲಿ ಹಿಡಿದು, ಬುಡದಿಂದ ಬಾಯಿಯವರೆಗೆ ಕೆಂಪಗೆ ಕಾಯಿಸಿದೆ. ನೀರಿಗೆ ಅದ್ದಿದೆ. ಚುಂಯ್! ಮಾವ ಕಲಿಸಿದ ವಿದ್ಯೆ. ಕೇಸುಗಳು ಕಪ್ಪಾದವು. ಅದಕ್ಕೂ ಉಪಾಯವಿತ್ತು: ಅಡುಗೆಮನೆಯ ಹುಣಸೆಹಣ್ಣು.

“ರೀ, ಅರ್ಧ ಕಿಲೋ ಹುಣಸಿಹಣ್ಣು ಎಲ್ಲಿ ಹೋತು?” ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು.

“ಒಂದು ಒಳ್ಳೆ ಕೆಲಸಕ್ಕ ಹೋತು.”

“ಮತ್ತ ಸಾರಿಗೆ ಏನ್ ಹಾಕ್ಲಿ? ತೋಟಾ ಹಾಕ್ಲೇನು?”

ಆದರೆ ಹೊಳಪು ನೋಡಿ ಅವಳೂ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ದೇವರ ಮುಂದಿನ ದೀಪಕ್ಕೂ ಅಂಥ ಕಳೆ ಇರಲಿಲ್ಲ!

ಶನಿವಾರ ಡಬ್ಬಿ ತೆರೆದ ರೋಶನ್ ದಂಗಾದ.

“ಬಾಟನಿಗೆ ಹೋಗೂದ್ ಬ್ಯಾಡ. ಕಾಯಿಸೂದು ಸೈತ ನಾನ ಮುಗಿಸೀನಿ” ಎಂದೆ.

“ಕಾಗದದಲ್ಲಿ ಇದ್ದ ಹಾಗೇ ಅಲ್ವಾ ಅಂಕಲ್?”

“ಹೂಂ.”

ಕಾಗದದ ಬಗ್ಗೆ ಆಡಿದ್ದು ಒಂದೇ ಮಾತು. ಅದೂ ಸುಳ್ಳು.

ಭಾನುವಾರ ಬೆಳಿಗ್ಗೆ ಗಿರಿಜಾ ಗ್ಯಾರೇಜು ಗುಡಿಸುತ್ತ ಕಾಗದ ಎಳೆದಳು. ಅವಳು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೂಚನೆ ಓದದೆ ಟಾನಿಕ್ಕಿನ ಮುಚ್ಚಳವನ್ನೂ ತೆಗೆಯಳು. ಓದುತ್ತ ಓದುತ್ತ ಪೊರಕೆ ಕೈಯಿಂದ ಜಾರಿತು.

“ರೀ, ಬರೇ ಕುತ್ತಿಗಿ ಕಾಸ್ಬೇಕಂತ! ಬುಡ ಮೆತ್ತಗಾದ್ರ ಹೊಡದಾಗ ಒಡದು, ಬೆಂಕಿ ಹಿಂದಕ್ಕ ಮಾರಿಗೇ ಬರ್ತದಂತ. ಕಣ್ಣು ಹೋಗ್ತಾವಂತ. ನೀವು ಎಲ್ಲೀತನ ಕಾಸೀರಿ?”

“ಪೂರಾ.”

“ಎಷ್ಟು?”

“ನಲವತ್ತೂ.”

ಕೊಡ ಬಡಿಯುವವನಿಗೆ ಹಿತ್ತಾಳೆ ಮೆತ್ತಗಾದರೆ ಭಾಗ್ಯ. ತೋಟಾದ ಬುಡ ಮೆತ್ತಗಾದರೆ ಮೃತ್ಯು. ಸುಟ್ಟ ಕಪ್ಪು ಉಳಿದಿದ್ದರೆ ರೋಶನ್ ಒಂದೇ ನೋಟಕ್ಕೆ ಹಿಡಿಯುತ್ತಿದ್ದ. ಅದನ್ನೂ ನಾನೇ ಉಜ್ಜಿ ತೆಗೆದಿದ್ದೆ. ಅರ್ಧ ಕಿಲೋ ಹಾಕಿ!

ಫೋನ್ ಮಾಡಿದೆ. ಎತ್ತಲಿಲ್ಲ. ಪಕ್ಕದ ಮನೆಯ ಮುಂದೆ ಅವನ ಕಾರೂ ಇರಲಿಲ್ಲ. ಹತ್ತು ಗಂಟೆಗೆ ಶೂಟಿಂಗ್ ರೇಂಜಿನಲ್ಲಿ ಹೊಸ ತೋಟಾ ಪರೀಕ್ಷಿಸುತ್ತೇನೆ ಎಂದಿದ್ದ. ಆಗಲೇ ಒಂಬತ್ತೂಕಾಲು.

“ಕೀ ಕೊಡ್ರಿ. ಗಾಡಿ ನಾ ಓಡಸ್ತೀನಿ” ಎಂದು ಗಿರಿಜಾ ನಮ್ಮ ಪಿಕಪ್ ಗಾಡಿ ಹತ್ತಿದಳು.

ಆ ದಿನ ಆಕ್ಲೆಂಡಿನ ಸಿಗ್ನಲ್ಲುಗಳೆಲ್ಲ ಕೆಂಪು. ಮುಂದೆ ದೋಣಿ ಎಳೆದುಕೊಂಡು ಆಮೆಯಂತೆ ಹೋಗುವ ಕಾರು. ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಅವನ ನಗುಮುಖದ ಫೋಟೊ ಕಾಣಿಸಿತು. ಎರಡು ಕಣ್ಣು, ಸ್ಪಷ್ಟವಾಗಿ.

ರೇಂಜಿನಲ್ಲಿ ಗುಂಡುಗಳ ಸದ್ದು. ಸಾಲಿನ ಕೊನೆಯಲ್ಲಿ ರೋಶನ್ ಬಂದೂಕಿಗೆ ಕೆನ್ನೆ ಒತ್ತಿ ಕುಳಿತಿದ್ದ. ಕಿವಿಗೆ ದಪ್ಪ ಮುಚ್ಚಳ. ಓಡಿದೆ. ಕಿತ್ತಳೆ ಜಾಕೀಟಿನ ಮೇಲ್ವಿಚಾರಕಿಯೊಬ್ಬಳು ಅಡ್ಡ ನಿಂತಳು: “ಸ್ಟಾಪ್, ಮೇಟ್!” ನನಗೆ ಬರುವ ಅಷ್ಟೂ ಇಂಗ್ಲಿಷ್ ಆವಿಯಾಯಿತು.

“ಹೊಡೀಬ್ಯಾಡೋ! ಹೊಡೀಬ್ಯಾಡೋ ರೋಶನ್!”

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗುವವನಿಗೆ ಕೇಳಿಸಲಿಲ್ಲ. ಅವನ ಬೆರಳು ಬಂದೂಕಿನ ಕುದುರೆಯತ್ತ ಸರಿಯಿತು.

“ಸೀಸ್ ಫೈರ್!” ಹಿಂದಿನಿಂದ ಗಿರಿಜಾ ಕಿರುಚಿದಳು.

ಕಿತ್ತಳೆ ಜಾಕೀಟೂ ಅದನ್ನೇ ಕೂಗಿ ಸೀಟಿ ಊದಿತು. ಎಲ್ಲ ಬಂದೂಕುಗಳೂ ತಣ್ಣಗಾದವು. ರೋಶನ್ ಕೈ ಎತ್ತಿದ. ಅಪಾಯ ಕಂಡರೆ ಹೀಗೆ ಕೂಗಿ ಎಂದು ಗೇಟಿನ ಫಲಕದಲ್ಲೇ ಬರೆದಿತ್ತಂತೆ. ನಾನೂ ಅದೇ ಗೇಟಿನಿಂದ ಬಂದವನು.

“ಎಂತಾಯ್ತು ಅಂಕಲ್?”

“ಬುಡಾನೂ ಕಾಸೀನೋ. ಕಾಗದ ಓದಿಲ್ಲ. ಸುಳ್ಳು ಹೇಳಿದ್ನಿ.”

ಶಾಲೆ ಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ. ಓದಲಿಲ್ಲ ಎಂದು ಹೇಳುವಾಗ ಆಯಿತು.

ರೋಶನ್ ಮದ್ದು ತುಂಬದ ಒಂದು ಕೇಸಿನ ಬುಡವನ್ನು ಇಕ್ಕಳದಲ್ಲಿ ಒತ್ತಿದ. ರೊಟ್ಟಿಯಂತೆ ಚಪ್ಪಟೆಯಾಯಿತು. ಅವನ ಮುಖ ಬಿಳಿಚಿತು. ಬಂದೂಕಿನೊಳಗಿದ್ದ ತೋಟಾವನ್ನು ಮೆಲ್ಲಗೆ ಹೊರತೆಗೆದ. ಆಮೇಲೆ ನಿಟ್ಟುಸಿರು ಬಿಟ್ಟ.

“ಈ ಸಲ ಬೇಟೆ ಇಲ್ಲ. ಹೊಳಪು ಮಾತ್ರ ಫಸ್ಟ್ ಕ್ಲಾಸ್ ಉಂಟು ಅಂಕಲ್.”

ಮದ್ದು ತೆಗೆದು ಎಲ್ಲವನ್ನೂ ನನಗೇ ಕೊಟ್ಟ. ಈಗ ನನ್ನ ಬಳಿ ಇರುವುದು ಇಷ್ಟು: ಹೊಳೆಯುವ ಕೇಸು ಮೂವತ್ತೊಂಬತ್ತು, ಚಪ್ಪಟೆಯಾದದ್ದು ಒಂದು. ಎರಡೂ ಕಣ್ಣಿರುವ ನೆರೆಯವನು ಒಬ್ಬ. ಗಿರಿಜಾ ಗೋಡೆಗೆ ಅಂಟಿಸಿದ ಕಾಗದ ಒಂದು. ಮತ್ತೆ ಕುಂಟತೊಡಗಿದ ಮೇಜು ಒಂದು.