ಜಿಮ್ಮಿಯ ರಕ್ತದ ಶಕ್ತಿ

ಹೆಂಚಿನ ಕಾರ್ಖಾನೆಯ ಮೆನೇಜರ್ ಪಿಯುಸ್ ಸಾಹೇಬರು ಬೇಸಗೆಯಲ್ಲಿ ಊಟಿಗೆ ಹೊರಟರೆ, ಅವರ ನಾಯಿ ಡ್ಯೂಕ್ ಮಣ್ಣಗುಡ್ಡೆಯ ಗುಮಾಸ್ತ ಆಂಬ್ರೋಸನ ಮನೆಗೆ ಬರುತ್ತಿತ್ತು. ನಾಯಿಯೇ ಅದು? ಇಲ್ಲಿ ಬೊಗಳಿದರೆ ಬೆಂಗ್ರೆಯಲ್ಲಿ ದೋಣಿಗಳು ಅಲುಗುತ್ತಿದ್ದವು! ಹೋದ ವರ್ಷ ಮಟಿಲ್ಡಾಳ ಮದುವೆಯ ಸೀರೆ, ಅವಳ ತಾಯಿ ಕಳಿಸಿದ ಒಣಮೀನು, ಎರಡನ್ನೂ ಒಂದೇ ಮಧ್ಯಾಹ್ನ ತಿಂದು ತೇಗಿತ್ತು.

"ಈ ಸಲ ಅದು ಒಳಗೆ ಬಂದರೆ ನಾನು ಹೊರಗೆ," ಎಂದು ಮಟಿಲ್ಡಾ ಗಂಡನಿಗೆ ಹೇಳಿ, ಟ್ರಂಕನ್ನು ಜಗಲಿಗೇ ತಂದಿಟ್ಟಿದ್ದಳು.

ಅಷ್ಟರಲ್ಲಿ ಊರಿಗೆ ನಾಯಿಗಳ ಡಿಸ್ಟೆಂಪರ್ ರೋಗ ಬಂತು. ಸಾಹೇಬರು ಆಂಬ್ರೋಸನ ನಾಯಿ ಜಿಮ್ಮಿಗೂ ಲಸಿಕೆ ಹಾಕಿಸಿದರು. ಅಲ್ಲಿಗೇ ನಿಲ್ಲಲಿಲ್ಲ.

"ಚುಚ್ಚಿದರೆ ಸಾಲದು ಆಂಬ್ರೋಸ್. ರಕ್ತದಲ್ಲಿ ರೋಗ ತಡೆಯುವ ಶಕ್ತಿ ಎಷ್ಟು ಬಂದಿದೆ ಅಂತ ಅಳೆಸಬೇಕು. ಕಡಿಮೆ ಇದ್ದರೆ ಡ್ಯೂಕನ್ನು ನಿನ್ನಲ್ಲಿ ಬಿಡುವುದಿಲ್ಲ. ನಾಳೆ ಡಾಕ್ಟರಲ್ಲಿಗೆ ಜಿಮ್ಮಿಯನ್ನು ತಾ."

ಬೇಲಿಯಾಚೆಯ ಹೋಟೆಲಿನ ಶೀನಪ್ಪನ ಕಿವಿ ಆನೆಯದು. ಸಾಹೇಬರು ಹೋದದ್ದೇ ಆಂಬ್ರೋಸನನ್ನು ಕರೆದ. "ಪೊರ್ಬುಗಳೇ, ಜಿಮ್ಮಿ ಎಂತಕ್ಕೆ? ಬಂದರಿನಲ್ಲಿ ಮೀನಿನ ಬುಟ್ಟಿಗಳ ಹತ್ತಿರ ಒಂದು ಕುಂಟ ನಾಯಿ ಉಂಟು. ಅದು ಸೂಜಿಯ ಮುಖವೇ ನೋಡಿದ್ದಿಲ್ಲ. ಅದರ ರಕ್ತದಲ್ಲಿ ಎಂತ ಶಕ್ತಿ ಇರ್ತದೆ ಮಾರಾಯ್ರೆ?"

ಮರುದಿನ ಬೆಳಿಗ್ಗೆ ಆಂಬ್ರೋಸ್ ಆಸೆ ತೋರಿಸಲು ಒಂದು ಬುಟ್ಟಿ ಬಂಗುಡೆ ಮೀನು ಸುರಿದು, ಅರ್ಧ ಬಂದರು ಓಡಿ, ಎರಡು ಸಲ ಕೆಸರಿಗೆ ಬಿದ್ದು ಕುಂಟನನ್ನು ಹಿಡಿದ. ಎರಡೂ ಬಿಳಿ ನಾಯಿಗಳೇ, ಆದರೆ ಜಿಮ್ಮಿಯ ಒಂದು ಕಿವಿ ಕಪ್ಪು. ಶೀನಪ್ಪ ದೋಸೆಕಾವಲಿಯ ಮಸಿ ತಂದು ಕುಂಟನ ಕಿವಿಗೆ ಬಳಿದ.

ಡಾಕ್ಟರಲ್ಲಿ ಸಾಹೇಬರು ಹುಬ್ಬೇರಿಸಿದರು. "ಇದು ಕುಂಟುತ್ತದಲ್ಲ?"

"ಸೂಜಿಯ ಹೆದರಿಕೆ ಸಾಹೇಬ್ರೆ," ಎಂದ ಆಂಬ್ರೋಸ್.

ಕುಂಟ ಸಾಹೇಬರ ಬಿಳಿ ಪ್ಯಾಂಟಿಗೆ ಕಿವಿ ಉಜ್ಜಿತು. ಕಿವಿ ಬೆಳ್ಳಗಾಯಿತು, ಪ್ಯಾಂಟು ಕಪ್ಪಾಯಿತು. ಆಂಬ್ರೋಸ್ ಧಡಕ್ಕನೆ ಬಾಗಿ ಆ ಕಿವಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. "ಪ್ರೀತಿ, ಸಾಹೇಬ್ರೆ!" ಡಾಕ್ಟರು ತೆಗೆದ ರಕ್ತ ಮದರಾಸಿನ ಲ್ಯಾಬಿಗೆ ಹೋಯಿತು.

ಫಲಿತಾಂಶ ಬಂದ ದಿನ ಡಾಕ್ಟರು ಕುಣಿಯುವುದೊಂದು ಬಾಕಿ. "ಲ್ಯಾಬಿನವರೇ ದಂಗು! ಮರಿಯಾಗಿದ್ದಾಗ ಡಿಸ್ಟೆಂಪರ್ ಬಂದು ಬದುಕಿ ಉಳಿದ ಬೀದಿನಾಯಿಗಳಲ್ಲಿ ಮಾತ್ರ ಇಷ್ಟು ಶಕ್ತಿ ಕಾಣ್ತದೆ. ಒಂದು ಲಸಿಕೆಗೆ ಇಷ್ಟು ಬಂದದ್ದು ನಾನು ಕಂಡದ್ದಿಲ್ಲ!"

ಆಂಬ್ರೋಸನ ಮುಖ ಹಳಸಿದ ಗಂಜಿಯಂತಾಯಿತು. ಸಾಹೇಬರು ಅವನ ಬೆನ್ನು ತಟ್ಟಿದರು. "ಇಡೀ ಮಂಗಳೂರಿನಲ್ಲಿ ಇಷ್ಟು ಸುರಕ್ಷಿತ ಮನೆ ಬೇರೆ ಇಲ್ಲ!"

ಸಂಜೆಗೆ ಡ್ಯೂಕ್ ಬಂತು. ಜೊತೆಗೆ ಸಾಹೇಬರ ಅತ್ತೆಯ ಎರಡು ನಾಯಿಗಳೂ ಬಂದವು. ಬಂಗುಡೆಯ ರುಚಿ ಹತ್ತಿದ ಕುಂಟ ಮೊದಲೇ ಬಂದು ಟ್ರಂಕಿನ ಮೇಲೆ ಮಲಗಿತ್ತು. ಮಟಿಲ್ಡಾ ಅದನ್ನು ಎಬ್ಬಿಸಿ, ಟ್ರಂಕು ಎತ್ತಿಕೊಂಡು ನಡೆದೇಬಿಟ್ಟಳು. ಜಿಮ್ಮಿಯೂ ತಿರುಗಿ ನೋಡದೆ ಅವಳ ಹಿಂದೆ ಹೋಯಿತು.

ಬೇಲಿಯ ಮೇಲೆ ಶೀನಪ್ಪನ ತಲೆ ಎದ್ದಿತು. "ಪೊರ್ಬುಗಳೇ, ರಾತ್ರಿ ಊಟ ನಮ್ಮ ಹೋಟೆಲಿಂದ ಕಳಿಸ್ಲಾ? ಒಬ್ಬರಿಗಾ, ಐವರಿಗಾ?"